ಜಪಾನಿನಲ್ಲಿ ಜಾರಿದ ಹಿಂದಿನ ಗಾಲಿ, ಬಳ್ಳಾರಿಯಲ್ಲಿ ಎದ್ದ ಮುಂದಿನ ಗಾಲಿ

ತಿರುವುಗಳಲ್ಲಿ ಕಾರನ್ನು ಅಡ್ಡಡ್ಡ ಜಾರಿಸಿ ದಾಟಿಸುವ ‘ಡ್ರಿಫ್ಟ್’ ಎಂಬ ವಿದ್ಯೆಯ ಮೇಲಿನ ಹಾಲಿವುಡ್ ಸಿನಿಮಾ ‘ಟೋಕಿಯೊ ಡ್ರಿಫ್ಟ್’ ಅನ್ನು ನಾವು ನೋಡಿದ್ದು ಥಿಯೇಟರಿನಲ್ಲಲ್ಲ. ಬಳ್ಳಾರಿಯ ಕೌಲ್‌ಬಜಾರಿನ ಅಂಗಡಿಯೊಂದರಿಂದ ಹತ್ತು ರೂಪಾಯಿ ಬಾಡಿಗೆಗೆ ತಂದ ಸಿ.ಡಿ.ಯಲ್ಲಿ, ನಡುವೆ ಎರಡು ಸಲ ಕರೆಂಟ್ ಹೋಗಿ ಬಂದು. ಮರುವಾರವೇ ಗೆಳೆಯನೊಬ್ಬ ಅವರಪ್ಪನ ಮಾರುತಿ 800 ತಂದ. ಊರ ಹೊರಗೆ, ಅದಿರು ಲಾರಿಗಳು ನಿಲ್ಲುತ್ತಿದ್ದ ಕೆಂಪು ಮಣ್ಣಿನ ಬಯಲಿಗೆ ನಾಲ್ವರೂ ಹೋದೆವು. ನಲವತ್ತರ ಸ್ಪೀಡಿನಲ್ಲಿ ಸ್ಟೇರಿಂಗ್ ತಿರುಗಿಸಿ ಹ್ಯಾಂಡ್‌ಬ್ರೇಕ್ ಎಳೆದ. ಕಾರಿನ ಹಿಂಭಾಗ ಅರ್ಧ ಸುತ್ತು ಹೊಡೆಯಿತು, ಧೂಳೆದ್ದಿತು, ಎಂಜಿನ್ ಬಂದ್ ಆಯಿತು. ಅಷ್ಟೇ. ಆಮೇಲೆ ಎಷ್ಟು ಸಲ ಮಾಡಿದರೂ ಅದೇ ಕಥೆ. ಸಿನಿಮಾದವರ ಕಾರು ಏಡಿಯ ಹಾಗೆ ಅಡ್ಡಡ್ಡ ಓಡುತ್ತಿತ್ತು, ನಮ್ಮದು ಅಡ್ಡ ತಿರುಗಿ ಕೂತುಬಿಡುತ್ತಿತ್ತು. ನಾಲ್ಕನೇ ಸಲಕ್ಕೆ ಹ್ಯಾಂಡ್‌ಬ್ರೇಕಿನ ಕೇಬಲ್ಲೇ ಕಿತ್ತುಹೋಯಿತು.

ಮೋಕಾ ರಸ್ತೆಯ ಮೆಕ್ಯಾನಿಕ್ ಚಾಚಾ ಕಾರಿನಡಿ ಮಲಗಿಕೊಂಡೇ ನಕ್ಕ. “ತಮ್ಮಾ, ಇದು ಮುಂದಿನ ಗಾಲಿ ಎಳಿಯೋ ಗಾಡಿ. ಹಿಂದಿನವು ಸುಮ್ನೆ ಬೆನ್ನು ಹತ್ತಿ ಬರ್ತಾವು. ಇದಕ್ಕ ಡ್ಯಾನ್ಸ್ ಎಲ್ಲಿಂದ ಬರಬೇಕು?”

ಡ್ರಿಫ್ಟಿನ ಗುಟ್ಟೆಲ್ಲ ಆ ಒಂದು ಮಾತಿನಲ್ಲಿದೆ. ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗೆ ಹೋಗುವ ಕಾರಿನಲ್ಲಿ ತಿರುವಿನ ಹೊತ್ತಿಗೆ ಕ್ಲಚ್ ಒದ್ದು ಬಿಟ್ಟರೆ ಹಿಂದಿನ ಟೈರುಗಳು ರಸ್ತೆಯ ಹಿಡಿತ ಕಳೆದುಕೊಂಡು ಹೊರಗೆ ಜಾರುತ್ತವೆ. ಆಗ ಸ್ಟೇರಿಂಗನ್ನು ತಿರುವಿಗೆ ಎದುರು ದಿಕ್ಕಿಗೆ ತಿರುಗಿಸಿ, ಆಕ್ಸಿಲೇಟರ್ ಮೇಲೆ ಕಾಲಿಟ್ಟೇ ಇದ್ದರೆ ಆ ಜಾರಿಕೆ ನಿಲ್ಲುವುದಿಲ್ಲ, ಕಾರು ಗಿರಕಿ ಹೊಡೆಯುವುದೂ ಇಲ್ಲ. ಬಲ ಹಿಂದಿನ ಗಾಲಿಯಲ್ಲೇ ಇರಬೇಕು. ಹಾಗೆ ನೋಡಿದರೆ ಅಂದಿನ ಬಳ್ಳಾರಿಯಲ್ಲಿ ಡ್ರಿಫ್ಟಿಗೆ ಲಾಯಕ್ಕಾದ ಅಗ್ಗದ ಗಾಡಿ ಎಂದರೆ ಮಾರುತಿ ಓಮ್ನಿ! ಪುಣ್ಯಕ್ಕೆ ಅದು ನಮಗೆ ಹೊಳೆಯಲಿಲ್ಲ. ಆ ಡಬ್ಬಿ ಜಾರುವ ಮೊದಲು ಮಗುಚಿಕೊಳ್ಳುತ್ತಿತ್ತು.

ಈ ವಿದ್ಯೆ ಸಿನಿಮಾದವರು ಕಂಡುಹಿಡಿದದ್ದಲ್ಲ. ಕುನಿಮಿತ್ಸು ತಕಹಾಶಿ ಎಂಬ ಜಪಾನಿ ರೇಸರ್ ಮೊದಲು ಬೈಕ್ ಸವಾರ. 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಹೊಂಡಾ ಬೈಕ್ ಓಡಿಸಿ ಗ್ರ್ಯಾನ್ ಪ್ರಿ ಗೆದ್ದ ಮೊದಲ ಜಪಾನಿ. ಆಮೇಲೆ ಕಾರಿಗೆ ಬಂದ. 1970ರ ದಶಕದಲ್ಲಿ ರೇಸ್ ಟ್ರ್ಯಾಕಿನ ತಿರುವುಗಳಲ್ಲಿ ವೇಗ ಇಳಿಸದೆ, ಹೊಗೆ ಎಬ್ಬಿಸಿಕೊಂಡು ಕಾರನ್ನು ಜಾರಿಸಿಯೇ ದಾಟುವುದು ಅವನ ವರಸೆಯಾಯಿತು. ನೋಡುವವರಿಗೆ ಹಬ್ಬ.

ಹಾಗೆ ನೋಡಿ ಮರುಳಾದವರಲ್ಲಿ ನಾಗಾನೊದ ಹುಡುಗ ಕೆಯಿಚಿ ಸುಚಿಯಾ ಒಬ್ಬ. ಟ್ರ್ಯಾಕಿಗೆ ಹೋಗಲು ದುಡ್ಡಿಲ್ಲ, ಊರ ಪಕ್ಕದಲ್ಲಿ ಘಾಟಿ ರಸ್ತೆಗಳಿದ್ದವು. ನಮ್ಮ ಆಗುಂಬೆಯಂಥ ಹಾವಿನ ತಿರುವುಗಳು, ರಾತ್ರಿಯಾದರೆ ನರಪಿಳ್ಳೆ ಇಲ್ಲ. ಅಲ್ಲೇ ಕಲಿತ. ಅವನ ಹೆಸರಿನ ಜೊತೆ ಅಂಟಿಕೊಂಡ ಟೊಯೊಟಾ ಎಇ86 ಏನು ಮಹಾ ರೇಸ್ ಕಾರಲ್ಲ. ಕರೊಲ್ಲಾ ಬಳಗದ, ಸಂಬಳದವರ ಕಾರು. ಆದರೆ ಹಗುರ, ಮತ್ತು ಹಿಂದಿನ ಗಾಲಿ ಓಡಿಸುವಂಥದ್ದು. 1987ರಲ್ಲಿ ಅವನ ಘಾಟಿ ಓಟ ‘ಪ್ಲಸ್ಪಿ’ ಎಂಬ ವಿಡಿಯೊ ಆಗಿ ಹೊರಬಂತು. ಸಾರ್ವಜನಿಕ ರಸ್ತೆಯಲ್ಲಿ ಹೀಗೆ ಮಾಡಿದ್ದಕ್ಕೆ ಅವನ ರೇಸ್ ಲೈಸೆನ್ಸ್ ಅಮಾನತಾಯಿತು. ಎಂಟು ವರ್ಷದ ಮೇಲೆ, 1995ರಲ್ಲಿ, ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಅವನ ತಂಡ ತನ್ನ ವರ್ಗದಲ್ಲಿ ಗೆದ್ದಿತು. ಆ ಕಾರನ್ನು ಸರದಿಯ ಮೇಲೆ ಓಡಿಸಿದವರಲ್ಲಿ ತಕಹಾಶಿಯೂ ಇದ್ದ. ಮರೆಯಲ್ಲಿ ನಿಂತು ಕಲಿತ ಏಕಲವ್ಯನಿಗೆ ಇಲ್ಲಿ ಹೆಬ್ಬೆರಳು ಉಳಿಯಿತು, ದ್ರೋಣನ ರಥವೂ ಸಿಕ್ಕಿತು.

ಎಲ್ಲರ ಕಥೆಯೂ ಹೀಗೆ ಸುಖವಾಗಿ ಮುಗಿಯಲಿಲ್ಲ. ಅದೇ ಕಾಲದಲ್ಲಿ ಸೈಲೆನ್ಸರ್ ಕಿತ್ತ ಬೈಕುಗಳಲ್ಲಿ ಹಿಂಡು ಕಟ್ಟಿಕೊಂಡು ಊರೆಲ್ಲ ಅಬ್ಬರಿಸುತ್ತಿದ್ದ ‘ಬೊಸೊಜೊಕು’ ಗುಂಪುಗಳಿದ್ದವು. 1982ರಲ್ಲಿ ಪೊಲೀಸರ ಲೆಕ್ಕದ ಪ್ರಕಾರ ಅವರ ಸಂಖ್ಯೆ 42,510. ಜಪಾನ್ ಸರ್ಕಾರ ಕಾನೂನನ್ನು ಬಿಗಿ ಮಾಡುತ್ತ ಬಂತು. 2004ರ ತಿದ್ದುಪಡಿಯ ನಂತರವಂತೂ ತೊಂದರೆಗೊಳಗಾದವರು ದೂರು ಕೊಡದಿದ್ದರೂ ಗುಂಪಾಗಿ ಓಡಿಸುವವರನ್ನು ಹಿಡಿಯಬಹುದಾಯಿತು. ಇನ್ನೊಂದು ಕಡೆ, ಸುಚಿಯಾ ಮತ್ತು ಕಾರು ಪತ್ರಿಕೆಯ ಸಂಪಾದಕ ದಾಯಿಜಿರೊ ಇನಾದಾ ಸೇರಿ ಘಾಟಿಯ ಆಟವನ್ನು ಟ್ರ್ಯಾಕಿಗೆ ಇಳಿಸಿದರು. 2001ರಲ್ಲಿ ಶುರುವಾದ ‘ಡಿ1 ಗ್ರ್ಯಾನ್ ಪ್ರಿ’ಯಲ್ಲಿ ಯಾರು ಮೊದಲು ಗುರಿ ಮುಟ್ಟಿದರು ಎಂಬುದು ಮುಖ್ಯವೇ ಅಲ್ಲ. ಎಷ್ಟು ಕೋನದಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ಚೆಂದವಾಗಿ ಜಾರಿದರು ಎಂದು ತೀರ್ಪುಗಾರರು ಅಂಕ ಕೊಡುತ್ತಾರೆ. ಸ್ವಲ್ಪ ಭರತನಾಟ್ಯ ಸ್ಪರ್ಧೆಯ ಹಾಗೆ, ರಬ್ಬರ್ ಸುಟ್ಟ ವಾಸನೆ ಬೇರೆ.

ಹಾಲಿವುಡ್ ಬಂದದ್ದು ಇದೆಲ್ಲ ಆದ ಮೇಲೆ. ‘ಫಾಸ್ಟ್ ಆ್ಯಂಡ್ ಫ್ಯೂರಿಯಸ್’ ಎಂಬ ಸಿನಿಮಾ ಸರಣಿಯ 2001ರ ಮೊದಲ ಚಿತ್ರಕ್ಕೂ ಮೂಲ, ನ್ಯೂಯಾರ್ಕಿನ ಬೀದಿ ರೇಸುಗಳ ಬಗ್ಗೆ 1998ರಲ್ಲಿ ಬಂದ ಒಂದು ಪತ್ರಿಕಾ ಲೇಖನ. ಮೂರನೆಯದಾದ ‘ಟೋಕಿಯೊ ಡ್ರಿಫ್ಟ್’ 2006ರ ಜೂನ್‌ನಲ್ಲಿ ತೆರೆಕಂಡಿತು. ನಿರ್ದೇಶಕ ತೈವಾನ್ ಮೂಲದ ಜಸ್ಟಿನ್ ಲಿನ್. ಕಥೆ ಟೋಕಿಯೊದ್ದಾದರೂ ಹೆಚ್ಚು ಭಾಗ ಚಿತ್ರೀಕರಿಸಿದ್ದು ಅಮೆರಿಕದಲ್ಲಿ. ಟೋಕಿಯೊದ ಶಿಬುಯಾ ವೃತ್ತದಲ್ಲಿ ಅನುಮತಿ ಇಲ್ಲದೆ ಕ್ಯಾಮೆರಾ ಇಟ್ಟಾಗ ಪೊಲೀಸರು ಬಂದರಂತೆ. ಆಗ ‘ನಾನೇ ನಿರ್ದೇಶಕ’ ಎಂದು ಮುಂದೆ ಬಂದು ಬಂಧನಕ್ಕೊಳಗಾಗಲೆಂದೇ ಒಬ್ಬನನ್ನು ಇಟ್ಟುಕೊಳ್ಳಲಾಗಿತ್ತು ಎಂದು ಲಿನ್ ಹೇಳಿಕೊಂಡಿದ್ದಾರೆ. ರೇಸಿನ ಹುಡುಗರಿಗೂ ಸಿನಿಮಾದವರಿಗೂ ಹೆಚ್ಚೇನು ವ್ಯತ್ಯಾಸ ಇರಲಿಲ್ಲ ಅನ್ನಿ!

ಅಮೆರಿಕದಲ್ಲಿ ಆ ಚಿತ್ರ ಅಷ್ಟಾಗಿ ಓಡಲಿಲ್ಲ, ಗಳಿಕೆಯಲ್ಲಿ ಇಡೀ ಸರಣಿಗೇ ಕೊನೆ. ಆದರೆ ನಮ್ಮಂಥವರ ತಲೆಯಲ್ಲಿ ಉಳಿದದ್ದು ಅದೇ. ನಾಯಕ ಬಂದರಿನಲ್ಲಿ ಡ್ರಿಫ್ಟ್ ಕಲಿಯುತ್ತ ಎಡವುವಾಗ ದಡದಲ್ಲಿ ಗಾಳ ಹಿಡಿದು ಕೂತ ಮೀನುಗಾರನೊಬ್ಬ ಮೂಗು ಮುರಿಯುತ್ತಾನೆ. ಅವನೇ ಸುಚಿಯಾ. ಅದು ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಈಗ ಬಳ್ಳಾರಿಗೆ ಬರೋಣ. ಬೈಕಿನ ಹುಡುಗರು ಬಿದ್ದ ಸುದ್ದಿ ಬಂದಾಗಲೆಲ್ಲ ‘ಸಿನಿಮಾ ನೋಡಿ ಕೆಟ್ಟರು’ ಎನ್ನುವವರು ಇದ್ದೇ ಇರುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಜಪಾನಿನ ಹುಡುಗರ ಮುಂದೆ ಯಾವ ಹಾಲಿವುಡ್ ಚಿತ್ರವೂ ಇರಲಿಲ್ಲ. ಖಾಲಿ ರಸ್ತೆ, ಕೈಗೆಟುಕುವ ಗಾಡಿ, ಅದನ್ನು ಬಿಚ್ಚಿ ಕಟ್ಟುವ ಕೈ ಇದ್ದವು. ಇಲ್ಲಿಯೂ ಗಾಡಿ ಮೊದಲೇ ಇತ್ತು. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಇವತ್ತಿಗೂ ನಮ್ಮ ಗ್ಯಾರೇಜುಗಳಲ್ಲಿ ದೇವರ ಪಲ್ಲಕ್ಕಿಯಷ್ಟೇ ಗೌರವ ಪಡೆಯುತ್ತದೆ. ಕೈಯೂ ಇತ್ತು, ಗಣಿ ಲಾರಿಗಳು ಊರಿಗೆ ಮೆಕ್ಯಾನಿಕ್ಕುಗಳ ಒಂದು ಪೀಳಿಗೆಯನ್ನೇ ಬೆಳೆಸಿದ್ದವು. ಇಲ್ಲದ್ದು ರಸ್ತೆ. ಹಳೆಯ 63, ಈಗಿನ 67ನೇ ಹೆದ್ದಾರಿಯಲ್ಲಿ ತೋರಣಗಲ್ಲಿನ ಕಡೆ ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ, ರೇಸ್ ಇರಲಿ ಓವರ್‌ಟೇಕೇ ಸಾಹಸ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು, ಲಾರಿಗಳು ನಿಂತವು. ಆ ವರ್ಷ ಸಂಜೆ ಹೊತ್ತು ರಸ್ತೆ ಬಿಕೋ ಎನ್ನುತ್ತಿದ್ದುದು, ಅಲ್ಲಿ ಮೊದಲ ಬಾರಿ ಬೈಕಿನ ಮುಂದಿನ ಗಾಲಿ ಆಕಾಶ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

ವೀಲಿಂಗ್ ಡ್ರಿಫ್ಟಿನಷ್ಟು ನಾಜೂಕಿನದಲ್ಲ. ಎಂಜಿನ್ ರೇಸ್ ಮಾಡಿ ಕ್ಲಚ್ ಒಮ್ಮೆಲೇ ಬಿಟ್ಟರೆ ಹಿಂದಿನ ಗಾಲಿ ಮುನ್ನುಗ್ಗುತ್ತದೆ, ಮುಂದಿನದು ಏಳುತ್ತದೆ. ಎದ್ದ ಗಾಲಿಯಿಂದ ದಿಕ್ಕು ತಿರುಗಿಸಲು ಬರುವುದಿಲ್ಲ. ಬೈಕನ್ನು ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು, ಅದೂ ಗಾಳಿಯಲ್ಲಿ. ಎದುರಿಗೆ ಎಮ್ಮೆ ಬಂದರೆ ದೇವರೇ ಗತಿ.

ಗಂಗಾವತಿಯ ಪ್ರಕರಣವಂತೂ ಹೈಕೋರ್ಟಿನವರೆಗೆ ಹೋಯಿತು. 2024ರ ಅಕ್ಟೋಬರಿನಲ್ಲಿ ಮೂವರು ಕೂತ ಬೈಕಿನಲ್ಲಿ ವೀಲಿಂಗ್ ಮಾಡುತ್ತಿದ್ದವರನ್ನು ಪೊಲೀಸರು ತಡೆಯಲು ಹೋದರು, ಬೈಕ್ ಬಿತ್ತು, ಪೊಲೀಸರ ಮೇಲೆ ಕೈಮಾಡಿದರು ಎಂಬುದು ಆರೋಪ. 2025ರಲ್ಲಿ ಜಾಮೀನು ಅರ್ಜಿ ತಳ್ಳಿಹಾಕಿದ ಹೈಕೋರ್ಟ್, ವೀಲಿಂಗ್ ತಡೆಯಲು ಈಗಿರುವ ಕಾನೂನು ಸಾಲದು, ಸರ್ಕಾರ ಬಿಗಿ ಕ್ರಮ ತರಬೇಕು ಎಂದಿತು. ಈಗಿರುವ ಕಾನೂನುಗಳಲ್ಲೊಂದು ಮೋಟಾರು ವಾಹನ ಕಾಯ್ದೆಯ 189ನೇ ಕಲಂ: ರಸ್ತೆಯಲ್ಲಿ ರೇಸ್ ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ ₹5,000ದವರೆಗೆ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ದಂಡ ಬರೀ ₹500 ಇತ್ತು.

ಬಿಗಿ ಮಾಡಲಿ. ಆದರೆ ಜಪಾನ್ ಮಾಡಿದ ಇನ್ನರ್ಧ ಕೆಲಸ ಇಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಹುಡುಗನೊಬ್ಬ ಕಾನೂನಿನೊಳಗೇ ಇದ್ದು ಬೈಕ್ ರೇಸ್ ಮಾಡಬೇಕೆಂದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ, ಕೊಯಮತ್ತೂರಿನಂಥ ದೂರದ ಊರುಗಳ ರೇಸ್ ಟ್ರ್ಯಾಕಿಗೆ ಹೋಗಬೇಕು. ಓಟದ ಹುಚ್ಚಿಗೆ ಜಾಗ ಮಾಡಿಕೊಡುವುದು ನಮಗೇನು ಹೊಸದಲ್ಲ. ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವಾಗ ಊರ ಹಿರಿಯರೇ ಮುಂದೆ ನಿಲ್ಲುತ್ತಾರೆ. ಎತ್ತಿನ ಗಾಡಿ ಓಟಕ್ಕೆಂದು 2017ರಲ್ಲಿ ರಾಜ್ಯ ಕಾನೂನನ್ನೇ ತಿದ್ದಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಮೊನ್ನೆ ಚಾಚಾನ ಗ್ಯಾರೇಜಿಗೆ ಹೋಗಿದ್ದೆ. ಮೀಸೆ ಮೂಡದ ಹುಡುಗನೊಬ್ಬ ಬೈಕ್ ಬಿಡಿಸಿಕೊಳ್ಳಲು ನಿಂತಿದ್ದ. ಫೋರ್ಕ್ ಸೊಟ್ಟಗಾಗಿತ್ತಂತೆ, ರಿಪೇರಿ ಮುಗಿದಿತ್ತು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ ₹25,000 ದಂಡ, ಮೂರು ವರ್ಷದವರೆಗೆ ಜೈಲು ಎಂದು ಚಾಚಾ ಹೇಳಿದರೆ, ಹುಡುಗ ನೆಲ ನೋಡುತ್ತ “ನಾನ್ ತಳ್ಕೊಂಡೇ ಹೋಗ್ತೀನಿ ಚಾಚಾ” ಎಂದ. ಚಾಚಾ ಕೀಯನ್ನು ಒರೆಸಿ ಅಂಗಿ ಜೇಬಿಗೆ ಹಾಕಿಕೊಂಡ. “ತಳ್ಕೊಂಡ್ ಹೋಗಾಕ ಕೀ ಯಾಕ ಬೇಕಲೇ? ನಿಮ್ಮಪ್ಪನ್ನ ಕಳಸು.”