ರಿಪ್ಲೈ ಆಲ್ ಸ್ಟಾರ್ಮ್ ಅಂದರೆ ಏನು?

ಸಂಶೋಧನಾ ಸಂಸ್ಥೆಯ ಇಮೇಲ್ ಲಿಸ್ಟಿನಲ್ಲಿ ಸಾವಿರಾರು ಜನ ಇರಬಹುದು, ವಿಳಾಸ ಮಾತ್ರ ಒಂದೇ; ಅದಕ್ಕೆ ಕಳಿಸಿದ್ದು ಎಲ್ಲರಿಗೂ ಹೋಗುತ್ತದೆ. ಅಲ್ಲಿಗೆ ಸೆಮಿನಾರಿನ ಸುದ್ದಿ ಬಂತು ಅಂದುಕೊಳ್ಳಿ. ಒಬ್ಬರು ‘ನಾನೂ ಬರ್ತೀನಿ’ ಎಂದು ಎಲ್ಲರಿಗೂ ಉತ್ತರ ಹಾಕುತ್ತಾರೆ. ಇನ್ನೊಬ್ಬರು ‘ನನ್ನ ಹೆಸರು ತೆಗೆಯಿರಿ’ ಅನ್ನುತ್ತಾರೆ. ಮೂರನೆಯವರು ‘ಯಾರೂ ರಿಪ್ಲೈ ಆಲ್ ಒತ್ತಬೇಡಿ’ ಎಂದು ರಿಪ್ಲೈ ಆಲ್ ಒತ್ತಿಯೇ ಬುದ್ಧಿ ಹೇಳುತ್ತಾರೆ! ಹೀಗೆ ಉತ್ತರಕ್ಕೆ ಉತ್ತರ ಹುಟ್ಟಿ ಎಲ್ಲರ ಇನ್‌ಬಾಕ್ಸ್ ತುಂಬುವುದಕ್ಕೆ ರಿಪ್ಲೈ ಆಲ್ ಸ್ಟಾರ್ಮ್ ಎನ್ನುತ್ತಾರೆ.

1997ರಲ್ಲಿ ಮೈಕ್ರೋಸಾಫ್ಟ್‌ನಲ್ಲೇ ಇದು ನಡೆಯಿತು. ‘ಬೆಡ್ಲಾಂ ಡಿಎಲ್3’ ಎಂಬ ಲಿಸ್ಟಿನಲ್ಲಿ ಸುಮಾರು 13,000 ಉದ್ಯೋಗಿಗಳಿದ್ದರು. ತಾವು ಅದರಲ್ಲಿರುವುದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಒಬ್ಬರು ‘ನನ್ನನ್ನು ತೆಗೆಯಿರಿ’ ಎಂದು ಬರೆದದ್ದೇ ತಡ, ‘ನನ್ನನ್ನೂ’ ಎನ್ನುವ ಮೇಲ್‌ಗಳು ಸುರಿದವು. ಕಂಪನಿಯ ಮೇಲ್ ವ್ಯವಸ್ಥೆಯೇ ಕುಸಿಯಿತು. ಲೆಕ್ಕ ಹಾಕಿ ನೋಡಿ: 13,000 ಜನರ ಲಿಸ್ಟಿಗೆ ನೂರೇ ನೂರು ಉತ್ತರ ಬಂದರೂ 13 ಲಕ್ಷ ಮೇಲ್ ಆಗುತ್ತದೆ.

ಇಲ್ಲಿ ಯಾರೂ ಕಿಡಿಗೇಡಿಗಳಲ್ಲ. ನಿಲ್ಲಿಸಲು ಹೋದವರೇ ಜಾಸ್ತಿ ಸದ್ದು ಮಾಡುತ್ತಾರೆ. ಇಂಥ ಹೊತ್ತಿನಲ್ಲಿ ಸುಮ್ನೆ ಇರುವುದೇ ವಾಸಿ. ತೀರಾ ಅಗತ್ಯವಿದ್ದರೆ ಲಿಸ್ಟ್ ನೋಡಿಕೊಳ್ಳುವ ಮಾಡರೇಟರ್‌ಗೆ ಮಾತ್ರ ಬರೆಯಿರಿ. ಹೊರಬರಬೇಕಿದ್ದರೆ ಸಾಮಾನ್ಯವಾಗಿ ಮೇಲ್‌ನ ಕೆಳಗೆ ಅನ್‌ಸಬ್‌ಸ್ಕ್ರೈಬ್ ಕೊಂಡಿ ಇರುತ್ತದೆ. ‘ಧನ್ಯವಾದ’, ‘ಅಭಿನಂದನೆ’ ಎಲ್ಲ ಮೂಲ ಮೇಲ್ ಕಳಿಸಿದವರೊಬ್ಬರಿಗೆ ಹೋದರೆ ಸಾಕು, ಅಲ್ವಾ? ರಜೆಗೆ ಹೋಗುವ ಮುನ್ನ ನಿಮ್ಮ ಆಟೋ ರಿಪ್ಲೈ ಲಿಸ್ಟಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಆದರೂ ಬರೀ ಶಿಷ್ಟಾಚಾರ ನಂಬಿ ಕೂರುವುದು ಸರಿಯಲ್ಲ. ದೊಡ್ಡ ಲಿಸ್ಟಿನಲ್ಲಿ ಒಬ್ಬರಾದರೂ ಮರೆಯುತ್ತಾರೆ. ಪ್ರಕಟಣೆಯ ಲಿಸ್ಟ್ ಬೇರೆ, ಚರ್ಚೆಯ ಲಿಸ್ಟ್ ಬೇರೆ ಇರಬೇಕು. ಪ್ರಕಟಣೆಯ ಲಿಸ್ಟಿಗೆ ಮಾಡರೇಟರ್ ಒಪ್ಪಿದ ಮೇಲ್ ಮಾತ್ರ ಹೋಗಬೇಕು, ಅದಕ್ಕೆ ಬರುವ ಉತ್ತರ ಆ ಮೇಲ್ ಕಳಿಸಿದವರಿಗಷ್ಟೇ ತಲುಪಬೇಕು. ಮೈಕ್ರೋಸಾಫ್ಟ್ ಕೂಡ 2020ರಲ್ಲಿ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಎಂಬ ಇಮೇಲ್ ಸೇವೆಗೆ ಒಂದು ತಡೆ ಸೇರಿಸಿತು. 5,000ಕ್ಕಿಂತ ಹೆಚ್ಚು ಜನರಿಗೆ 60 ನಿಮಿಷದೊಳಗೆ 10 ರಿಪ್ಲೈ ಆಲ್ ಹೋದರೆ, ಆ ಸರಣಿಗೆ ಮುಂದೆ ಬರುವ ಉತ್ತರಗಳನ್ನು ಅದು ನಾಲ್ಕು ಗಂಟೆ ತಡೆಹಿಡಿಯುತ್ತಿತ್ತು.