ಸುಸ್ತಿನ ಸೀಟಿಗೆ ಟವೆಲ್ ಹಾಕುವ ಕಾಫಿ

1978ರಲ್ಲಿ ಅಮೆರಿಕದ ವ್ಯಾಯಾಮ ವಿಜ್ಞಾನಿ ಡೇವಿಡ್ ಕಾಸ್ಟಿಲ್ ಮತ್ತು ಅವರ ಜೊತೆಗಾರರು ಒಂಬತ್ತು ಮಂದಿ ಸೈಕಲ್ ಸ್ಪರ್ಧಿಗಳಿಗೆ ಕಾಫಿ ಕುಡಿಸಿ ಒಂದು ಪ್ರಯೋಗ ಮಾಡಿದರು. ಒಂದು ಸಲ ಕೆಫೀನ್ ತೆಗೆದ ಕಾಫಿ, ಇನ್ನೊಂದು ಸಲ 330 ಮಿಲಿಗ್ರಾಂ ಕೆಫೀನ್ ಇರುವ ಕಾಫಿ. ಕುಡಿದು ಒಂದು ಗಂಟೆಯಾದ ಮೇಲೆ ಇನ್ನು ಆಗಲ್ಲ ಅನ್ನುವವರೆಗೆ ಪೆಡಲ್ ತುಳಿಯಬೇಕು. ಕೆಫೀನ್ ಇಲ್ಲದಾಗ ಸರಾಸರಿ 75 ನಿಮಿಷ ತುಳಿದವರು, ಕೆಫೀನ್ ಇದ್ದಾಗ 90 ನಿಮಿಷ ತುಳಿದರು.

ಯಾಕೆ ಹೀಗೆ? ಕೆಫೀನ್ ಕೊಬ್ಬನ್ನು ಜಾಸ್ತಿ ಉರಿಸುತ್ತದೆ, ಅದರಿಂದ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಉಳಿಯುತ್ತದೆ ಎಂದು ಕಾಸ್ಟಿಲ್ ಅಂದಾಜು ಮಾಡಿದರು. ಕೇಳಲು ಸರಿ ಅನಿಸುತ್ತದೆ, ಅಲ್ವಾ? ಆದರೆ ಮುಂದಿನ ಪ್ರಯೋಗಗಳಲ್ಲಿ ಈ ವಿವರಣೆ ಗಟ್ಟಿಯಾಗಿ ನಿಲ್ಲಲಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯುವ ಓಟದಲ್ಲಿ ಗ್ಲೈಕೋಜನ್ ಖಾಲಿಯಾಗುವ ಪ್ರಶ್ನೆಯೇ ಇಲ್ಲ. ಅಲ್ಲೂ ಕೆಫೀನ್ ಕೆಲಸ ಮಾಡುತ್ತದೆ. ಹಾಗಾಗಿ ವಿಜ್ಞಾನಿಗಳು ಕಾಲು ಬಿಟ್ಟು ತಲೆಯ ಕಡೆ ನೋಡಿದರು.

ಎಚ್ಚರವಿದ್ದಷ್ಟೂ ಹೊತ್ತು, ದುಡಿದಷ್ಟೂ ಹೊತ್ತು, ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲಿನ ತನ್ನ ಜಾಗದಲ್ಲಿ ಕೂತರೆ ನಮಗೆ ಸುಸ್ತು, ನಿದ್ದೆ. ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಕೆಫೀನ್ ಮಾಡುವುದು ಅದನ್ನೇ. ಅಡೆನೋಸಿನ್ ಬಂದಿದೆ, ಆದರೆ ಕೂರಲು ಜಾಗವಿಲ್ಲ. ಸ್ನಾಯು ಅಷ್ಟೇ ದುಡಿಯುತ್ತಿದ್ದರೂ ಕಷ್ಟ ಕಡಿಮೆ ಅನಿಸುತ್ತದೆ. ಕೆಫೀನ್ ಇಳಿದು ಹೋದಾಗ ನಿಂತವರೆಲ್ಲ ಒಟ್ಟಿಗೆ ಕೂರುತ್ತಾರೆ, ಅದು ಬೇರೆ ಮಾತು.

ಹಾಗಂತ 15 ನಿಮಿಷದ ಲೆಕ್ಕ ನೋಡಿ ಹಿಗ್ಗಬೇಡಿ. ಅದು ಸುಸ್ತಾಗಿ ಬೀಳುವವರೆಗೆ ತುಳಿಯುವ ಪರೀಕ್ಷೆ. ಇಷ್ಟು ದೂರವನ್ನು ಎಷ್ಟು ಬೇಗ ಮುಗಿಸುತ್ತೀರಿ ಎಂದು ಅಳೆದರೆ ಲಾಭ ಸಾಮಾನ್ಯವಾಗಿ ಶೇಕಡಾ 2ರಿಂದ 4. ಹತ್ತು ಕಿಲೋಮೀಟರನ್ನು 50 ನಿಮಿಷದಲ್ಲಿ ಓಡುವವರಿಗೆ ಶೇಕಡಾ 2 ಅಂದರೆ ಒಂದು ನಿಮಿಷ. ನಮ್ಮಂಥವರಿಗೆ ಅದು ಸುಮ್ನೆ ಒಂದು ಖುಷಿ, ಒಲಿಂಪಿಕ್ಸ್‌ನಲ್ಲಿ ಪದಕದ ಬಣ್ಣವೇ ಬದಲಾದೀತು.

ಇಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ. 2006ರಲ್ಲಿ ಸಂಶೋಧಕ ಕ್ರಿಸ್ ಬೀಡಿ ಮತ್ತು ಜೊತೆಗಾರರು ಏಳು ಸೈಕಲ್ ಸ್ಪರ್ಧಿಗಳಿಗೆ ಹೀಗೆ ಹೇಳಿದರು: ನಿಮಗೆ ಒಂದು ಸಲ ಖಾಲಿ ಗುಳಿಗೆ, ಒಂದು ಸಲ ಸ್ವಲ್ಪ ಕೆಫೀನ್, ಇನ್ನೊಂದು ಸಲ ಅದರ ಎರಡರಷ್ಟು ಕೊಡುತ್ತೇವೆ. ಕೊಟ್ಟದ್ದು ಮಾತ್ರ ಮೂರೂ ಸಲ ಖಾಲಿ ಗುಳಿಗೆಯನ್ನೇ! ಖಾಲಿ ಸಿಕ್ಕಿದೆ ಎಂದುಕೊಂಡ ದಿನ ಅವರ ಶಕ್ತಿ ಶೇಕಡಾ 1.4 ಇಳಿಯಿತು. ಸ್ವಲ್ಪ ಸಿಕ್ಕಿದೆ ಎಂದುಕೊಂಡಾಗ 1.3, ಜಾಸ್ತಿ ಸಿಕ್ಕಿದೆ ಎಂದುಕೊಂಡಾಗ 3.1 ಏರಿತು. ಕೆಫೀನ್ ಬರೀ ನಂಬಿಕೆ ಅಂತ ಇದರರ್ಥ ಅಲ್ಲ. ಗೊತ್ತಾಗದಂತೆ ಕೊಟ್ಟಾಗಲೂ ಅದು ಕೆಲಸ ಮಾಡುವುದನ್ನು ಎಷ್ಟೋ ಪ್ರಯೋಗಗಳು ತೋರಿಸಿವೆ. ಆದರೆ ಕಾಫಿ ಕುಡಿದೆ ಎಂಬ ಧೈರ್ಯಕ್ಕೂ ಅದರಲ್ಲಿ ಪಾಲಿದೆ.

ಇಷ್ಟು ಉಪಯೋಗವಿದ್ದರೆ ನಿಷೇಧ ಯಾಕಿಲ್ಲ? ಇತ್ತು. ಮೂತ್ರದಲ್ಲಿ ಕೆಫೀನ್ ಪ್ರತಿ ಮಿಲಿಲೀಟರ್‌ಗೆ 12 ಮೈಕ್ರೋಗ್ರಾಂ ದಾಟಿದರೆ ಸ್ಪರ್ಧೆಯಿಂದ ಹೊರಗೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಪೆಂಟಾತ್ಲಾನ್ (ಐದು ಆಟಗಳ ಪಂದ್ಯ) ಸ್ಪರ್ಧಿ ಅಲೆಕ್ಸ್ ವಾಟ್ಸನ್ ಹೀಗೆಯೇ ಅನರ್ಹರಾದರು. ತಾವು ಕುಡಿದದ್ದು ಬರೀ ಕಾಫಿ, ಕೋಲಾ ಎಂದು ಅವರು ವಾದಿಸಿದರು. ಆ ಮಿತಿಯಲ್ಲಿ ಒಂದು ತೊಡಕೂ ಇತ್ತು: ಆಟಕ್ಕೆ ನೆರವಾಗುವಷ್ಟು ಕೆಫೀನನ್ನು ಮಿತಿ ದಾಟದೆಯೇ ಆರಾಮಾಗಿ ತಗೊಳ್ಳಬಹುದಿತ್ತು. 2004ರ ಜನವರಿಯಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ ಕೆಫೀನನ್ನು ನಿಷೇಧದ ಪಟ್ಟಿಯಿಂದ ತೆಗೆದಿದೆ. ಕಣ್ಣು ಮಾತ್ರ ಇಟ್ಟೇ ಇದೆ.

ಆ 'ನೆರವಾಗುವಷ್ಟು' ಅಂದರೆ ದೇಹದ ತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ, ಸುಮಾರು ಒಂದು ಗಂಟೆ ಮುಂಚೆ. 60 ಕಿಲೋ ತೂಗುವವರಿಗೆ ಕಡಿಮೆಯೆಂದರೂ 180 ಮಿಲಿಗ್ರಾಂ. ನಮ್ಮ ದೇಶದ ನಿಯಮದಂತೆ ಎನರ್ಜಿ ಡ್ರಿಂಕಿನ ಲೀಟರಿಗೆ 300 ಮಿಲಿಗ್ರಾಂ ದಾಟುವಂತಿಲ್ಲ. ಅಂದರೆ 250 ಮಿಲಿಲೀಟರಿನ ಡಬ್ಬಿಯಲ್ಲಿ ಹೆಚ್ಚೆಂದರೆ 75. ನಮ್ಮ ಫಿಲ್ಟರ್ ಕಾಫಿಯ ಲೆಕ್ಕ ಸಿಗುವುದು ಕಷ್ಟ. ಕೊಡಗಿನಲ್ಲಿ ಹೇರಳವಾಗಿ ಬೆಳೆಯುವ ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಏನೂ ಇಲ್ಲ. ಪುಡಿಯಲ್ಲಿ ಯಾವುದು ಎಷ್ಟು, ಡಿಕಾಕ್ಷನ್ ಎಷ್ಟು ಗಟ್ಟಿ ಎಂಬುದರ ಮೇಲೆ ಲೋಟದ ಬಲ ನಿಂತಿದೆ.

ಜಾಸ್ತಿ ಕುಡಿದರೆ ಜಾಸ್ತಿ ಓಡುತ್ತೇವೆ ಅನ್ನುವುದೂ ಇಲ್ಲ. ಕಿಲೋಗೆ 9 ಮಿಲಿಗ್ರಾಂ ತಗೊಂಡರೆ ಕೈ ನಡುಕ, ಎದೆ ಡವಡವ, ಹೊಟ್ಟೆ ತೊಳಸುವುದು ಹೆಚ್ಚುತ್ತದೆ, ವೇಗ ಹೆಚ್ಚಲ್ಲ. ಸಂಜೆ ಅಭ್ಯಾಸ ಮಾಡುವವರಿಗೆ ಇನ್ನೊಂದು ಪೇಚು. ರಕ್ತದಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆರು ಗಂಟೆಗೆ 200 ಮಿಲಿಗ್ರಾಂ ತಗೊಂಡವರ ಮೈಯಲ್ಲಿ ರಾತ್ರಿ ಹನ್ನೊಂದಕ್ಕೂ 100 ಉಳಿದಿರುತ್ತದೆ. ದಣಿದ ಸ್ನಾಯು ಸುಧಾರಿಸಿಕೊಳ್ಳಲು ನಿದ್ದೆ ಬೇಕು. ಅದಕ್ಕೇ ಸಂಜೆಯ ಆಟಗಾರರಲ್ಲಿ ಎಷ್ಟೋ ಮಂದಿ ಕೆಫೀನನ್ನು ಪಂದ್ಯದ ದಿನಕ್ಕೆ ಮಾತ್ರ ಎತ್ತಿಡುತ್ತಾರೆ. ಅದಕ್ಕೂ ಮುಂಚೆ ಅಭ್ಯಾಸದಲ್ಲಿ ಒಂದೆರಡು ಸಲ ಕುಡಿದು ನೋಡಿಕೊಳ್ಳುವುದು ಒಳ್ಳೆಯದು. ಕಾಫಿ ಕರುಳನ್ನೂ ಎಬ್ಬಿಸುತ್ತದೆ, ಅದು ಓಟದ ಐದನೇ ಕಿಲೋಮೀಟರಿನಲ್ಲಿ ಗೊತ್ತಾಗಬಾರದು.