ಗೋಡೆಯ ಪಟವಾದ ಎಂಜಿನಿಯರ್

ಜರಿಯ ಪೇಟ, ಕೋಟು, ಟೈ, ಬಿಳಿ ಮೀಸೆ. ಕೆಳಗೆ ಹೆಸರಿಲ್ಲದಿದ್ದರೂ ಇದು ಸರ್ ಎಂ.ವಿ. ಎಂದು ಚಿಕ್ಕಬಳ್ಳಾಪುರದ ಶಾಲಾಮಕ್ಕಳು ಥಟ್ಟನೆ ಹೇಳುತ್ತಾರೆ. ದೊಡ್ಡ ಎಂಜಿನಿಯರುಗಳು ಎಷ್ಟೋ ಮಂದಿ ಆಗಿಹೋದರು. ಇವರೊಬ್ಬರ ಪಟಕ್ಕೆ ಮಾತ್ರ ಜನ ಹೂವು ಮುಡಿಸುವುದೇಕೆ?

ಉತ್ತರಕ್ಕೆ ಮಂಡ್ಯದ ಕಡೆ ನೋಡಬೇಕು. ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಮುಂಬಯಿ ಪ್ರಾಂತ್ಯದಲ್ಲಿ ಹೆಸರು ಮಾಡಿದ ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಮಳೆ ನಂಬಿ ರಾಗಿ ಬಿತ್ತುತ್ತಿದ್ದ ಹೊಲಗಳಿಗೆ ನಾಲೆ ಬಂತು, ಭತ್ತ ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ರೈತರ ಮನೆಯಲ್ಲಿ ದೇವರ ಪಟಗಳ ಸಾಲಿಗೆ ಇವರ ಪಟ ಸೇರಿದ್ದು ಆ ನೀರಿನ ಋಣಕ್ಕೆ. ಯಾವ ಸರ್ಕಾರವೂ ಹೇಳಿ ಮಾಡಿಸಿದ್ದಲ್ಲ.

ಸರ್ಕಾರದ ಗೌರವಗಳು ಆಮೇಲಿನವು: 1955ರಲ್ಲಿ ಭಾರತರತ್ನ, ನಿಧನದ ನಂತರ 1968ರಿಂದ ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ, 1998ರಲ್ಲಿ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ.

ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮೇಣದಬತ್ತಿಯ ಕಥೆ ಎಂದೇ ನನ್ನ ನಂಬಿಕೆ. ಕಚೇರಿ ಕೆಲಸ ಮುಗಿದೊಡನೆ ಸರ್ಕಾರದ ಬತ್ತಿ ಆರಿಸಿ, ಸ್ವಂತ ಕಾಗದ ಬರೆಯಲು ತಮ್ಮದೇ ಬತ್ತಿ ಹಚ್ಚಿಕೊಂಡರೆಂಬ ಕಥೆ. ನಡೆದಿರಲಿ, ಬಿಡಲಿ, ಲಂಚ ಕೊಟ್ಟು ಬೇಸತ್ತ ಜನರಿಗೆ ಅಂಥ ಅಧಿಕಾರಿ ಬೇಕಾಗಿದ್ದಾರೆ.

ಪಟದೊಳಗೆ ಎಲ್ಲವೂ ಹಿಡಿಸಲಿಲ್ಲ. ಸುರ್ಕಿ ಗಾರೆ ಕಲಸಿ, ಕಲ್ಲು ಹೊತ್ತ ಕೂಲಿಗಳು ಅಲ್ಲಿಲ್ಲ. ಹಣ ಹೊಂದಿಸಿಕೊಟ್ಟು ಬೆನ್ನಿಗೆ ನಿಂತ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನೂ ಎಷ್ಟೋ ಸಲ ಮರೆಯುತ್ತೇವೆ. 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು 1918ರಲ್ಲಿ ಹುದ್ದೆ ಬಿಟ್ಟದ್ದರ ಹಿಂದೆ, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಮೀಸಲು ಕೊಡುವ ವಿಷಯದಲ್ಲಿ ಮಹಾರಾಜರೊಂದಿಗೆ ಉಂಟಾದ ಭಿನ್ನಾಭಿಪ್ರಾಯವಿತ್ತು. ಜಯಂತಿಯ ಭಾಷಣಗಳು ಇದನ್ನು ಹಾರಿಸಿಬಿಡುತ್ತವೆ. ಮಕ್ಕಳಿಗೆ ಇದನ್ನೂ ಹೇಳಬೇಕು. ಹೇಳಿದ ಮಾತ್ರಕ್ಕೆ ಕಟ್ಟೆ ಬಿರುಕು ಬಿಡುವುದಿಲ್ಲ.

ಹುಟ್ಟೂರಿನ ಜಿಲ್ಲೆಗೆ ಇಂದಿಗೂ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ಕೊರೆದರೂ ಎಷ್ಟೋ ಕೊಳವೆಬಾವಿಗಳಲ್ಲಿ ಬರುವುದು ದೂಳು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಬಿಡುತ್ತಾರೆ. ಮೂರನೇ ಹಂತದ ಸಂಸ್ಕರಣೆಯೂ ಆಗಲೇಬೇಕೆಂದು ನೀರಾವರಿ ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಅದಕ್ಕೆ ಕಿವಿಗೊಡದೆ ಸೆಪ್ಟೆಂಬರ್ 15ಕ್ಕೆ ಹಾರ ಹಿಡಿದು ಮುದ್ದೇನಹಳ್ಳಿಯ ಸಮಾಧಿಗೆ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.